ಬೆಳ್ಳಿಗೆ ಬೆಲೆಯೇ ಇಲ್ಲದ ಪದಕ ಪಟ್ಟಿ

2025ರ ಫೆಬ್ರುವರಿಯಲ್ಲಿ ಉತ್ತರಾಖಂಡದಲ್ಲಿ 38ನೇ ರಾಷ್ಟ್ರೀಯ ಕ್ರೀಡಾಕೂಟ ಮುಗಿದಾಗ ಸಮಗ್ರ ಪ್ರಶಸ್ತಿ ಹೋದದ್ದು ಸೇನಾಪಡೆಗಳ ಸರ್ವಿಸಸ್ ತಂಡಕ್ಕೆ. ಅದು ಗೆದ್ದ ಪದಕಗಳು 121. ಎರಡನೇ ಸ್ಥಾನ ಪಡೆದ ಮಹಾರಾಷ್ಟ್ರ ಗೆದ್ದದ್ದು ಹತ್ತಿರ ಹತ್ತಿರ 200. ಇದನ್ನು ಓದಿ ಯಾರಿಗೂ ಏನೂ ಅನ್ನಿಸಲಿಲ್ಲ. ಪತ್ರಿಕೆಗಳು ಪಟ್ಟಿಯನ್ನು ಹಾಗೆಯೇ ಅಚ್ಚು ಹಾಕಿದವು, ಟ್ರೋಫಿ ಹಿಡಿದವರ ಫೋಟೊ ಬಂತು, ಕೂಟ ಮುಗಿಯಿತು. ಕೇಳಿದರೆ ಸಿಗುವುದು ಒಂದೇ ಉತ್ತರ: ಸರ್ವಿಸಸ್‌ಗೆ 68 ಚಿನ್ನ, ಮಹಾರಾಷ್ಟ್ರಕ್ಕೆ 54. ಚಿನ್ನ ಹೆಚ್ಚಿದ್ದವರು ಮೇಲೆ. ಇದರಲ್ಲಿ ಚರ್ಚೆಗೆ ಏನಿದೆ?

ಚರ್ಚೆಗೆ ಎಲ್ಲವೂ ಇದೆ. ಪೂರ್ತಿ ಲೆಕ್ಕ ನೋಡಿ. ಸರ್ವಿಸಸ್: 68 ಚಿನ್ನ, 26 ಬೆಳ್ಳಿ. ಮಹಾರಾಷ್ಟ್ರ: 54 ಚಿನ್ನ, 71 ಬೆಳ್ಳಿ. ಕಂಚಿನ ಪದಕಗಳನ್ನೆಲ್ಲ ಹೊಳೆಗೆ ಹಾಕಿಬಿಡೋಣ, ಒಂದನ್ನೂ ಎಣಿಸುವುದು ಬೇಡ. ಬೆಳ್ಳಿಯ ಮಾನವನ್ನೂ ಇಳಿಸೋಣ, ಮೂರು ಬೆಳ್ಳಿ ಸೇರಿದರೆ ಒಂದು ಚಿನ್ನಕ್ಕೆ ಸಮ ಎನ್ನೋಣ. ಚಿನ್ನದ ಭಕ್ತರಿಗೆ ಇದಕ್ಕಿಂತ ಉದಾರವಾದ ಲೆಕ್ಕ ಯಾರೂ ಕೊಡಲಾರರು. ಆಗಲೂ ಸರ್ವಿಸಸ್‌ಗೆ ಸಿಗುವುದು 230 ಅಂಕ, ಮಹಾರಾಷ್ಟ್ರಕ್ಕೆ 233. ಕಂಚಿಗೆ ಸೊನ್ನೆ ಕೊಟ್ಟು, ಬೆಳ್ಳಿಯನ್ನು ಮೂರನೇ ಒಂದು ಪಾಲಿಗೆ ಇಳಿಸಿದರೂ ಮಹಾರಾಷ್ಟ್ರವೇ ಮುಂದೆ. ಅಂದರೆ ಆ ಟ್ರೋಫಿ ಸರ್ವಿಸಸ್‌ಗೆ ಹೋಗಬೇಕಾದರೆ ಬೆಳ್ಳಿ ಗೆದ್ದವರೆಲ್ಲ ಹೆಚ್ಚುಕಡಿಮೆ ಏನೂ ಗೆದ್ದಿಲ್ಲ ಎಂದು ಮೊದಲೇ ತೀರ್ಮಾನಿಸಿರಬೇಕು. ನಾವು ಹಾಗೆ ತೀರ್ಮಾನಿಸಿದ್ದೇವೆ. ನನ್ನ ಸಿಟ್ಟು ಇರುವುದು ಅದರ ಮೇಲೆ.

ಈ ಪಟ್ಟಿಯಲ್ಲಿ ಬೆಳ್ಳಿಗೆ ಇರುವುದು ಒಂದೇ ಕೆಲಸ, ಚಿನ್ನ ಸಮವಾದಾಗ ಗಂಟು ಬಿಡಿಸುವುದು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಅಮೆರಿಕ ಮತ್ತು ಚೀನಾ ತಲಾ 40 ಚಿನ್ನ ಗೆದ್ದವು. ಆಗ ಮಾತ್ರ ಬೆಳ್ಳಿಯ ಕಡೆ ಕಣ್ಣು ಹಾಯಿತು, 44 ಬೆಳ್ಳಿ ಇದ್ದ ಅಮೆರಿಕ 27 ಬೆಳ್ಳಿ ಇದ್ದ ಚೀನಾಕ್ಕಿಂತ ಮೇಲೆ ನಿಂತಿತು. ಚೀನಾ ಇನ್ನೊಂದೇ ಒಂದು ಚಿನ್ನ ಗೆದ್ದಿದ್ದರೆ ಅಮೆರಿಕದ ಆ 44 ಬೆಳ್ಳಿ, 42 ಕಂಚು ಇದ್ದೂ ಇಲ್ಲದಂತೆ. ಇಂಥ ಪಟ್ಟಿಯನ್ನು ನಾವು ಕ್ರೀಡಾಶಕ್ತಿಯ ಅಳತೆಗೋಲು ಎಂದು ನಂಬಿದ್ದೇವೆ.

ಅದೇ ಪ್ಯಾರಿಸ್ ನಮ್ಮ ಬಾಯಿಂದ ಎಂಥ ಮಾತು ಹೊರಡಿಸಿತು ನೆನಪಿದೆಯೇ? ಭಾರತ ಗೆದ್ದದ್ದು ಆರು ಪದಕ, ಒಂದು ಬೆಳ್ಳಿ, ಐದು ಕಂಚು. ಸ್ಥಾನ 71. ಪಾಕಿಸ್ತಾನ ಗೆದ್ದದ್ದು ಒಂದೇ ಪದಕ, ಅರ್ಷದ್ ನದೀಮ್ ಅವರ ಜಾವೆಲಿನ್ ಚಿನ್ನ. ಸ್ಥಾನ 62. 92.97 ಮೀಟರ್ ಎಸೆದು ಒಲಿಂಪಿಕ್ ದಾಖಲೆ ಬರೆದ ನದೀಮ್‌ಗೆ ಆ ಚಿನ್ನ ಸಲ್ಲಬೇಕಾದದ್ದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಬ್ಬ ಕ್ರೀಡಾಪಟುವಿನ ಒಂದು ಎಸೆತದಿಂದ ಒಂದು ದೇಶದ ಕ್ರೀಡಾ ವ್ಯವಸ್ಥೆ ಇನ್ನೊಂದು ದೇಶದ್ದಕ್ಕಿಂತ ಒಂಬತ್ತು ಮೆಟ್ಟಿಲು ಮೇಲೇರುತ್ತದೆಯೇ? ನಮ್ಮಲ್ಲಿ ಹಲವರು ಹೌದೆಂದರು. 89.45 ಮೀಟರ್ ಎಸೆದು ಬೆಳ್ಳಿ ತಂದ ನೀರಜ್ ಚೋಪ್ರಾ ಏನನ್ನೋ ಕಳೆದುಕೊಂಡು ಬಂದವರು ಎಂಬಂತೆ ಮಾತಾಡಿದರು. ಒಂದೇ ಒಲಿಂಪಿಕ್ಸ್‌ನಲ್ಲಿ ಎರಡು ಕಂಚು ಗೆದ್ದ ಮನು ಭಾಕರ್ ಈ ಪಟ್ಟಿಯ ದೃಷ್ಟಿಯಲ್ಲಿ ದೇಶಕ್ಕೆ ಏನನ್ನೂ ತಂದಿಲ್ಲ. ಸ್ಪೇನ್‌ನಂಥ ತಂಡವನ್ನು ಸೋಲಿಸಿ ಕಂಚು ಗೆದ್ದ ಹಾಕಿ ತಂಡವೂ ಅಷ್ಟೇ. ಇದು ನಮಗೊಬ್ಬರಿಗೇ ಆದ ಅನ್ಯಾಯವೂ ಅಲ್ಲ. ಮೂರು ಬೆಳ್ಳಿ, ಐದು ಕಂಚು, ಒಟ್ಟು ಎಂಟು ಪದಕ ಗೆದ್ದ ಟರ್ಕಿ ಕೂಡ ಆ ಒಂದು ಪದಕದ ಕೆಳಗೇ ನಿಂತಿತು.

ನಮ್ಮದೇ ಹಳೆಯ ಲೆಕ್ಕ ಇನ್ನೂ ವಿಚಿತ್ರ. 2008ರ ಬೀಜಿಂಗ್‌ನಲ್ಲಿ ಭಾರತಕ್ಕೆ ಮೂರು ಪದಕ. ಅದರಲ್ಲಿ ಅಭಿನವ್ ಬಿಂದ್ರಾ ಅವರ ಚಿನ್ನ ಇತ್ತು. 2012ರ ಲಂಡನ್‌ನಲ್ಲಿ ಆರು ಪದಕ, ಚಿನ್ನ ಇಲ್ಲ. ಪದಕ ಎರಡು ಪಟ್ಟಾಯಿತು, ಪಟ್ಟಿಯಲ್ಲಿ ಸ್ಥಾನ ಕೆಳಕ್ಕಿಳಿಯಿತು. ನಾಲ್ಕು ವರ್ಷದಲ್ಲಿ ಭಾರತದ ಕ್ರೀಡೆ ಹಿಂದೆ ಬಿತ್ತೇ? ಸೈನಾ ನೆಹ್ವಾಲ್, ಮೇರಿ ಕೋಮ್, ಗಗನ್ ನಾರಂಗ್ ಪದಕ ಗೆದ್ದ ವರ್ಷವನ್ನು ಹಿನ್ನಡೆಯ ವರ್ಷ ಎಂದು ಹೇಳುವ ಪಟ್ಟಿ ಸುಳ್ಳು ಹೇಳುತ್ತಿದೆ.

ಹಾಗಾದರೆ ಒಟ್ಟು ಪದಕ ಎಣಿಸಿಬಿಡಿ, ಅಮೆರಿಕದ ಪತ್ರಿಕೆಗಳು ಮಾಡುವುದೇ ಅದನ್ನು ಎನ್ನುವವರು ಇನ್ನೊಂದು ಗುಂಪು. 2008ರಲ್ಲಿ ಚಿನ್ನದಲ್ಲಿ ಚೀನಾ ಬಹಳ ಮುಂದಿದ್ದಾಗಲೂ ಆ ಪತ್ರಿಕೆಗಳು ಒಟ್ಟು ಪದಕ ಎಣಿಸಿ ಅಮೆರಿಕವನ್ನೇ ಮೇಲಿಟ್ಟವು. ಅದೂ ಒಪ್ಪತಕ್ಕದ್ದಲ್ಲ. ನಮ್ಮಲ್ಲೇ ಉದಾಹರಣೆ ಇದೆ. 2022ರ ಗುಜರಾತ್ ಕೂಟದಲ್ಲಿ ಸರ್ವಿಸಸ್‌ಗೆ 61 ಚಿನ್ನ ಸೇರಿ 128 ಪದಕ, ಮಹಾರಾಷ್ಟ್ರಕ್ಕೆ 39 ಚಿನ್ನ ಸೇರಿ 140. ಮಹಾರಾಷ್ಟ್ರದ ಪದಕಗಳಲ್ಲಿ 63 ಕಂಚು. ಆ ವರ್ಷ ಸರ್ವಿಸಸ್ ಮೊದಲಾದದ್ದು ನ್ಯಾಯವಾಗಿಯೇ. ಗೆದ್ದವನನ್ನೂ ಮೂರನೆಯವನನ್ನೂ ಒಂದೇ ತಟ್ಟೆಯಲ್ಲಿ ತೂಗುವುದು ಗೆದ್ದವನಿಗೆ ಮಾಡುವ ಅವಮಾನ. ನನಗೆ ಸರ್ವಿಸಸ್ ಮೇಲೆ ಹಗೆಯಿಲ್ಲ, ಮಹಾರಾಷ್ಟ್ರದ ಮೇಲೆ ಮೋಹವೂ ಇಲ್ಲ. ಎರಡೂ ಸಲ ಒಂದೇ ಅಳತೆ ಹಿಡಿಯಬೇಕು, ಆ ಅಳತೆಯಲ್ಲಿ ಎಲ್ಲ ಪದಕಕ್ಕೂ ಅದರದರ ತೂಕ ಇರಬೇಕು, ಅಷ್ಟೇ.

ಆ ಅಳತೆ ಹುಡುಕಲು ಯಾವ ಸಮಿತಿಯೂ ಬೇಕಾಗಿಲ್ಲ. ಕರ್ನಾಟಕದ ಯಾವುದೇ ಹೋಬಳಿ ಮಟ್ಟದ ಶಾಲಾ ಕ್ರೀಡಾಕೂಟಕ್ಕೆ ಹೋಗಿ ನೋಡಿ. ಶಾಮಿಯಾನದ ಕೆಳಗೆ ಮೇಜು ಹಾಕಿಕೊಂಡು ಕೂತ ದೈಹಿಕ ಶಿಕ್ಷಕರ ಹಾಳೆಯಲ್ಲಿ ಮೊದಲ ಸ್ಥಾನಕ್ಕೆ ಐದು ಅಂಕ, ಎರಡನೆಯದಕ್ಕೆ ಮೂರು, ಮೂರನೆಯದಕ್ಕೆ ಒಂದು. ಸಂಜೆಗೆ ಅಂಕ ಕೂಡಿಸಿ ಸಮಗ್ರ ಪ್ರಶಸ್ತಿ ಯಾವ ಶಾಲೆಗೆ ಎಂದು ಮೈಕಿನಲ್ಲಿ ಹೇಳುತ್ತಾರೆ. ಲಾಂಗ್ ಜಂಪ್‌ನಲ್ಲಿ ಮೂರನೆಯವಳಾಗಿ ಬಂದ ಏಳನೇ ತರಗತಿಯ ಹುಡುಗಿಯ ಒಂದು ಅಂಕವೂ ಅಲ್ಲಿ ಲೆಕ್ಕಕ್ಕೆ ಸೇರುತ್ತದೆ, ಆ ಒಂದು ಅಂಕಕ್ಕೆ ಕೆಲವೊಮ್ಮೆ ಶೀಲ್ಡ್ ಕೈ ಬದಲಾಗುತ್ತದೆ. ಹೋಬಳಿಯಲ್ಲಿ ಮಕ್ಕಳಿಗೆ ಕೊಡುವ ನ್ಯಾಯವನ್ನು ದೇಶದ ಅತಿ ದೊಡ್ಡ ಕೂಟದಲ್ಲಿ ವಯಸ್ಕರಿಗೆ ಏಕೆ ಕೊಡುವುದಿಲ್ಲ? ವಿಶ್ವ ಅಥ್ಲೆಟಿಕ್ಸ್ ಚಾಂಪಿಯನ್‌ಷಿಪ್‌ನಲ್ಲಿ ಪದಕ ಪಟ್ಟಿಯ ಜೊತೆಗೆ ಸ್ಥಾನವಾರು ಅಂಕಪಟ್ಟಿಯನ್ನೂ ಕೊಡುತ್ತಾರೆ. ಮೊದಲ ಸ್ಥಾನಕ್ಕೆ ಎಂಟು, ಎರಡನೆಯದಕ್ಕೆ ಏಳು, ಹೀಗೆ ಎಂಟನೇ ಸ್ಥಾನದವರೆಗೆ ಒಂದೊಂದೇ ಇಳಿಯುತ್ತದೆ. ಒಂದು ದೇಶದಲ್ಲಿ ಎಷ್ಟು ಮಂದಿ ಫೈನಲ್‌ವರೆಗೆ ಬರುವ ಮಟ್ಟದಲ್ಲಿದ್ದಾರೆ ಎಂದು ತಿಳಿಯುವುದು ಅದರಿಂದ. ಪ್ಯಾರಿಸ್‌ನಲ್ಲಿ ಭಾರತಕ್ಕೆ ಆರು ನಾಲ್ಕನೇ ಸ್ಥಾನಗಳು ಬಂದವು. ಮೀರಾಬಾಯಿ ಚಾನು ಕಂಚು ತಪ್ಪಿಸಿಕೊಂಡದ್ದು ಒಂದೇ ಒಂದು ಕಿಲೋದಲ್ಲಿ. ಅವರು ಎತ್ತಿದ್ದು 199, ಮೂರನೆಯವರು 200. ಆ 199 ಕಿಲೋ ಯಾವ ಪಟ್ಟಿಯಲ್ಲೂ ಇಲ್ಲ.

ಐದು-ಮೂರು-ಒಂದರ ಲೆಕ್ಕವನ್ನು ಉತ್ತರಾಖಂಡ ಕೂಟಕ್ಕೆ ಹಚ್ಚಿ. ಸರ್ವಿಸಸ್‌ಗೆ 445 ಅಂಕ. ಮಹಾರಾಷ್ಟ್ರಕ್ಕೆ 550 ದಾಟುತ್ತದೆ. ಇದು ಫೋಟೊ ಫಿನಿಷ್ ಅಲ್ಲ, ನೂರು ಅಂಕಗಳಿಗೂ ಮೀರಿದ ಅಂತರ. ಈಗ ನಮ್ಮ ರಾಜ್ಯಕ್ಕೆ ಬರೋಣ. ಕರ್ನಾಟಕ ಐದನೇ ಸ್ಥಾನ ಪಡೆಯಿತು ಎಂದು ನಾವು ಹೆಮ್ಮೆಪಟ್ಟೆವು. 34 ಚಿನ್ನ, 18 ಬೆಳ್ಳಿ, 28 ಕಂಚು, ಒಟ್ಟು 80. ಆತಿಥೇಯ ಉತ್ತರಾಖಂಡ 24 ಚಿನ್ನ, 35 ಬೆಳ್ಳಿ, 44 ಕಂಚು, ಒಟ್ಟು 103 ಪದಕ ಗೆದ್ದೂ ಏಳನೆಯದು. ಶಾಲೆಯ ಲೆಕ್ಕದಲ್ಲಿ ಉತ್ತರಾಖಂಡಕ್ಕೆ 269, ನಮಗೆ 252. ನಾವು ಅವರ ಕೆಳಗೆ ಇರಬೇಕಾದವರು.

ನಮ್ಮ ಆ 34 ಚಿನ್ನ ಬಂದದ್ದಾದರೂ ಎಲ್ಲಿಂದ? ರಿಲೇಗಳೂ ಸೇರಿ ಧಿನಿಧಿ ದೇಸಿಂಗು ಒಂಬತ್ತು ಚಿನ್ನ ಗೆದ್ದರು, ಶ್ರೀಹರಿ ನಟರಾಜ್ ಒಂಬತ್ತು ಚಿನ್ನ ಗೆದ್ದರು. ಇಬ್ಬರೂ ಅಪ್ರತಿಮ ಈಜುಗಾರರು, ಅವರ ಸಾಧನೆಗೆ ತಲೆಬಾಗುತ್ತೇನೆ. ಆದರೆ ಬೆಂಗಳೂರಿನ ಕೆಲವು ಈಜುಕೊಳಗಳ ಸಾಧನೆಯನ್ನು ಇಡೀ ರಾಜ್ಯದ ಸಾಧನೆ ಎಂದು ತೋರಿಸುವುದು ಈ ಪಟ್ಟಿಯೇ. ಬೀದರ್‌ನಲ್ಲಿ, ರಾಯಚೂರಿನಲ್ಲಿ, ಚಾಮರಾಜನಗರದಲ್ಲಿ ಮಗುವೊಂದು ಓಡಲು ಟ್ರ್ಯಾಕ್ ಇದೆಯೇ, ಕೋಚ್ ಇದ್ದಾರೆಯೇ ಎಂಬ ಪ್ರಶ್ನೆಯನ್ನು 'ಐದನೇ ಸ್ಥಾನ' ಎಂಬ ಎರಡು ಪದ ಮುಚ್ಚಿಹಾಕುತ್ತವೆ. ಇಡೀ ರಾಜ್ಯದ ಹತ್ತಾರು ಕ್ರೀಡೆಗಳಲ್ಲಿ ನಾಲ್ಕನೆಯವರು, ಐದನೆಯವರು ಎಷ್ಟಿದ್ದಾರೆ ಎಂದು ಲೆಕ್ಕ ಹಾಕಿದ್ದರೆ ನಮ್ಮ ಕ್ರೀಡಾ ಇಲಾಖೆ ತಲೆ ಎತ್ತಿ ಮಾತಾಡುತ್ತಿತ್ತೇ ಎಂಬುದನ್ನು ಅದೇ ಹೇಳಲಿ.

ಚಿನ್ನವನ್ನಷ್ಟೇ ಎಣಿಸುವ ರಾಜ್ಯ ಹಣ ಹಾಕುವುದೂ ಹಾಗೆಯೇ. ಒಬ್ಬ ಈಜುಗಾರನಿಗೆ ಒಂದು ಕೂಟದಲ್ಲಿ ಹತ್ತು ಪದಕಗಳ ಅವಕಾಶ. ಹದಿನೆಂಟು ಹುಡುಗರ ಹಾಕಿ ತಂಡ ವಾರವಿಡೀ ಬೆವರು ಸುರಿಸಿದರೂ ಸಿಗುವುದು ಒಂದೇ ಪದಕ, ಅದೂ ಗೆದ್ದರೆ. ಪಟ್ಟಿಯಲ್ಲಿ ಮೇಲೇರಲು ಆತುರಪಡುವ ಅಧಿಕಾರಿ ಯಾವುದಕ್ಕೆ ಸಹಿ ಹಾಕುತ್ತಾನೆ? ಕೊಡಗಿನಂಥ ನೆಲ ಇರುವ ರಾಜ್ಯ ಹಾಕಿಯನ್ನು ಖರ್ಚಿನ ಬಾಬತ್ತು ಎಂದು ನೋಡುವಂತೆ ಮಾಡುವ ಲೆಕ್ಕ ಇದು. ಕೊಕ್ಕೊ, ಕಬಡ್ಡಿ, ವಾಲಿಬಾಲ್ ಎಲ್ಲಕ್ಕೂ ಇದೇ ಗತಿ. ಹಳ್ಳಿಯ ಮಕ್ಕಳು ಆಡುವುದು ಹೆಚ್ಚಾಗಿ ಇವುಗಳನ್ನೇ.

ಕುಂದಾಪುರ ತಾಲ್ಲೂಕಿನ ವೇಟ್‌ಲಿಫ್ಟರ್ ಗುರುರಾಜ ಪೂಜಾರಿ ಅವರನ್ನು ನೆನೆಯಿರಿ. 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕೂಟದಲ್ಲಿ ಭಾರತದ ಮೊದಲ ಪದಕ ಅವರದು, ಬೆಳ್ಳಿ. 2022ರ ಬರ್ಮಿಂಗ್‌ಹ್ಯಾಮ್‌ನಲ್ಲಿ ಮತ್ತೆ ಕಂಚು. ಎರಡು ಕೂಟ, ಎರಡು ಬೇರೆ ಬೇರೆ ತೂಕದ ವಿಭಾಗ, ಎರಡು ಪದಕ. ಭಾರತದ ಚಿನ್ನದ ಲೆಕ್ಕಕ್ಕೆ ಅವರ ಕೊಡುಗೆ ಸೊನ್ನೆ. ಕರಾವಳಿಯ ಈ ಹುಡುಗ ಕೆಲಸಕ್ಕೆ ಸೇರಿದ್ದು ವಾಯುಪಡೆಗೆ. ನಮ್ಮ ರಾಜ್ಯಗಳ ಕ್ರೀಡಾಪಟುಗಳು ಸೇನೆಗೆ ಹೋಗುವುದು ಏಕೆಂದು ಬೇರೆ ಹೇಳಬೇಕೇ? ಅಲ್ಲಿ ಸಂಬಳ ಇದೆ, ಊಟ ಇದೆ, ಕೋಚ್ ಇದ್ದಾರೆ, ಗಾಯವಾದರೆ ನೋಡಿಕೊಳ್ಳುವವರಿದ್ದಾರೆ. ಎಲ್ಲ ರಾಜ್ಯಗಳೂ ಬೆಳೆಸಿದ ಮಕ್ಕಳನ್ನು ಒಂದೇ ತಂಡದಲ್ಲಿ ಕಟ್ಟಿ, ಆ ತಂಡವನ್ನು ಒಂದು ರಾಜ್ಯದಂತೆ ಪಟ್ಟಿಯಲ್ಲಿ ನಿಲ್ಲಿಸಿ, ಅದರ ಚಿನ್ನವನ್ನಷ್ಟೇ ಎಣಿಸಿ ಟ್ರೋಫಿ ಕೊಡುವುದು ಯಾವ ನ್ಯಾಯ? ಸೇನೆಯ ತಪ್ಪು ಇದರಲ್ಲಿ ಎಳ್ಳಷ್ಟೂ ಇಲ್ಲ. ನಾಚಿಕೆಪಡಬೇಕಾದದ್ದು ಆ ಕ್ರೀಡಾಪಟುಗಳನ್ನು ಉಳಿಸಿಕೊಳ್ಳಲಾಗದ ರಾಜ್ಯಗಳು.

'ಎರಡನೆಯವನನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ' ಎನ್ನುವವರು ಸರ್ಕಾರಗಳ ಖಜಾನೆಯನ್ನು ಕೇಳಲಿ. ಹರಿಯಾಣ ಸರ್ಕಾರ ಒಲಿಂಪಿಕ್ಸ್ ಚಿನ್ನಕ್ಕೆ ಆರು ಕೋಟಿ, ಬೆಳ್ಳಿಗೆ ನಾಲ್ಕು ಕೋಟಿ, ಕಂಚಿಗೆ ಎರಡೂವರೆ ಕೋಟಿ ರೂಪಾಯಿ ಕೊಡುತ್ತದೆ. ಚಿನ್ನದ ಮೂರನೇ ಎರಡು ಪಾಲು ಬೆಳ್ಳಿಗೆ. ತನ್ನ ಕಿಸೆಯಿಂದ ದುಡ್ಡು ತೆಗೆಯುವಾಗ ಬೆಳ್ಳಿಗೆ ಬೆಲೆಯಿದೆ ಎಂದು ಸರ್ಕಾರಕ್ಕೂ ಗೊತ್ತು. ಪಟ್ಟಿ ಬರೆಯುವಾಗ ಮಾತ್ರ ಅದು ಮರೆತುಹೋಗುತ್ತದೆ.

ಚಿನ್ನದ ಲೆಕ್ಕ ಅಂತರರಾಷ್ಟ್ರೀಯ ನಿಯಮ, ನಾವೇನು ಮಾಡಲು ಸಾಧ್ಯ ಎನ್ನುವವರೂ ಇದ್ದಾರೆ. ಆದರೆ ಒಲಿಂಪಿಕ್ ಸನ್ನದಿನಲ್ಲಿ ಸ್ಪಷ್ಟವಾಗಿದೆ: ಒಲಿಂಪಿಕ್ಸ್ ಎಂಬುದು ಕ್ರೀಡಾಪಟುಗಳ ನಡುವಿನ ಸ್ಪರ್ಧೆ, ದೇಶಗಳ ನಡುವಿನದಲ್ಲ. ದೇಶಗಳನ್ನು ಮೇಲೆ ಕೆಳಗೆ ನಿಲ್ಲಿಸುವ ಹಟ ಪತ್ರಿಕೆಗಳದು, ಟಿವಿಯದು, ನಮ್ಮದು. ಅಲ್ಲಿ ಪಟ್ಟಿಗೆ ಟ್ರೋಫಿಯಾದರೂ ಇಲ್ಲ. ನಮ್ಮ ರಾಷ್ಟ್ರೀಯ ಕೂಟದಲ್ಲಿ ರಾಜಾ ಭಾಲೇಂದ್ರ ಸಿಂಗ್ ಹೆಸರಿನ ಟ್ರೋಫಿಯೇ ಇದೆ, ಅದನ್ನು ಯಾರಿಗೆ ಕೊಡಬೇಕೆಂಬ ನಿಯಮ ಬರೆಯುವ ಅಧಿಕಾರ ನಮ್ಮ ಕೈಯಲ್ಲೇ ಇದೆ. ಲಾಸಾನ್‌ನ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯಿಂದ ಅಪ್ಪಣೆ ಬರಬೇಕಾಗಿಲ್ಲ.

ಈ ಕೂಟ ನಡೆಸುವ ಭಾರತ ಒಲಿಂಪಿಕ್ ಸಂಸ್ಥೆಗೆ 2022ರಿಂದ ಅಧ್ಯಕ್ಷರಾಗಿರುವವರು ಪಿ.ಟಿ. ಉಷಾ. 1984ರ ಲಾಸ್ ಏಂಜಲೀಸ್‌ನಲ್ಲಿ 400 ಮೀಟರ್ ಹರ್ಡಲ್ಸ್‌ನಲ್ಲಿ ಸೆಕೆಂಡಿನ ನೂರನೇ ಒಂದು ಭಾಗದಿಂದ ಕಂಚು ಕಳೆದುಕೊಂಡು ನಾಲ್ಕನೆಯವರಾದ ಉಷಾ. ಆ ನಾಲ್ಕನೇ ಸ್ಥಾನವನ್ನು ಈ ದೇಶ ನಲವತ್ತು ವರ್ಷಗಳಿಂದ ಎದೆಗೊತ್ತಿಕೊಂಡಿದೆ, ಎಷ್ಟೋ ಮಕ್ಕಳು ಅದನ್ನು ಕೇಳಿಯೇ ಓಡಲು ಹೊರಟರು. ನಾಲ್ಕನೆಯದಕ್ಕೂ ಬೆಲೆಯಿದೆ ಎಂದು ಗೊತ್ತಿರುವವರು ಆ ಕುರ್ಚಿಯಲ್ಲಿ ಕೂತಿರುವಾಗ ಚಿನ್ನದ ಲೆಕ್ಕವೇ ಮುಂದುವರಿದರೆ ಇನ್ನು ಯಾರು ಬಂದು ಬದಲಿಸಬೇಕು? ಪ್ರತಿ ಸ್ಪರ್ಧೆಯ ಫಲಿತಾಂಶದ ಹಾಳೆ ಸಂಸ್ಥೆಯ ಬಳಿ ಇದೆ. ಯಾರು ಐದನೆಯವರು, ಯಾರು ಎಂಟನೆಯವರು ಎಂಬುದೂ ಅದರಲ್ಲೇ ಇದೆ. ಮುಂದಿನ ಕೂಟಕ್ಕೆ ಎಂಟನೇ ಸ್ಥಾನದವರೆಗೆ ಅಂಕ ಕೊಟ್ಟು ಸಮಗ್ರ ಪ್ರಶಸ್ತಿ ನಿರ್ಧರಿಸಲಿ, ತಂಡ ಕ್ರೀಡೆಗಳಿಗೆ ಹೆಚ್ಚಿನ ಅಂಕ ಇಡಲಿ, ಉತ್ತರಾಖಂಡ ಕೂಟದ ಪಟ್ಟಿಯನ್ನೂ ಅದೇ ಲೆಕ್ಕದಲ್ಲಿ ಇನ್ನೊಮ್ಮೆ ಪ್ರಕಟಿಸಲಿ. ಅದರಲ್ಲಿ ಕರ್ನಾಟಕ ಐದರಿಂದ ಕೆಳಗಿಳಿಯಬಹುದು. ಇಳಿಯಲಿ, ನಾವು ನಿಜವಾಗಿ ಎಲ್ಲಿದ್ದೇವೆ ಎಂದು ನಮ್ಮ ಕ್ರೀಡಾ ಇಲಾಖೆಗೆ ಗೊತ್ತಾಗಲಿ.