ಹತ್ತನೇ ತರಗತಿಯಾಚೆಗಿನ ಇಂಗ್ಲಿಷ್ ಕಂದಕ

ಕನ್ನಡ ಮಾಧ್ಯಮದಲ್ಲಿ ಓದಿ, ಎಸ್ಸೆಸ್ಸೆಲ್ಸಿಯಲ್ಲಿ ಉತ್ತಮ ಅಂಕ ಗಳಿಸಿದ ವಿದ್ಯಾರ್ಥಿಯೊಬ್ಬ ಪಿಯುಸಿ ವಿಜ್ಞಾನ ವಿಭಾಗಕ್ಕೆ ಸೇರಿದ ಮೊದಲ ತಿಂಗಳಲ್ಲೇ ಮೌನಿಯಾಗಿಬಿಡುವುದನ್ನು ಭೌತಶಾಸ್ತ್ರದ ಉಪನ್ಯಾಸಕನಾಗಿ ನಾನು ವರ್ಷ ವರ್ಷವೂ ಕಂಡಿದ್ದೇನೆ. ಲೆಕ್ಕ ಬಿಡಿಸಲು ಅವನಿಗೆ ಬರುತ್ತದೆ. ಲೆಕ್ಕದಲ್ಲಿ ಕೇಳಿರುವುದೇನು ಎಂಬುದು ತಿಳಿಯುವುದಿಲ್ಲ. ಕೆಲವರು ಕಲಾ ವಿಭಾಗಕ್ಕೆ ಬದಲಾಗುತ್ತಾರೆ, ಕೆಲವರು ಕಾಲೇಜನ್ನೇ ಬಿಡುತ್ತಾರೆ. 'ವಿಜ್ಞಾನ ಇವರಿಗೆ ಒಗ್ಗಲಿಲ್ಲ' ಎಂಬ ಷರಾ ಬರೆದು ನಾವು ಕೈತೊಳೆದುಕೊಳ್ಳುತ್ತೇವೆ.

ಮಾಧ್ಯಮದ ಪ್ರಶ್ನೆಯನ್ನು ನಾಡು ಚರ್ಚಿಸಿಲ್ಲವೆಂದಲ್ಲ. 1994ರ ಭಾಷಾ ನೀತಿ, 2007ರಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷನ್ನು ಒಂದು ವಿಷಯವಾಗಿ ಕಲಿಸುವ ನಿರ್ಧಾರ, ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲ ಎಂದ ಸುಪ್ರೀಂ ಕೋರ್ಟಿನ 2014ರ ತೀರ್ಪು, 2019ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ತೆರೆದ ಇಂಗ್ಲಿಷ್ ಮಾಧ್ಯಮ ವಿಭಾಗಗಳು: ಇವೆಲ್ಲವೂ ಒಂದನೇ ತರಗತಿಯ ಬಾಗಿಲಲ್ಲಿ ನಡೆದ ವಾಗ್ವಾದಗಳು. ಆ ಬಾಗಿಲನ್ನು ಎಂದೋ ದಾಟಿ ಈಗ ಎಂಟನೆಯ ಅಥವಾ ಒಂಬತ್ತನೆಯ ತರಗತಿಯಲ್ಲಿ ಕುಳಿತಿರುವ ಮಕ್ಕಳ ಬಗ್ಗೆ ಎರಡೂ ಪಕ್ಷಗಳಿಗೆ ಹೇಳಲು ಹೆಚ್ಚೇನೂ ಇಲ್ಲ. ಕಡತದಲ್ಲಿ ಈ ಮಕ್ಕಳು ಏಳೆಂಟು ವರ್ಷ ಇಂಗ್ಲಿಷ್ ಕಲಿತವರು. ಮನೆಯಲ್ಲಾಗಲಿ ಊರಿನಲ್ಲಾಗಲಿ ಆ ಭಾಷೆ ಕಿವಿಗೆ ಬೀಳದ ಕಾರಣ, ವಾಸ್ತವದಲ್ಲಿ ಅನೇಕರಿಗೆ ಅದು ಇನ್ನೂ ಹೊಸ ಭಾಷೆಯೇ.

ಸಂಭಾಷಣೆಯ ಭಾಷೆ ಬೇರೆ, ಪಠ್ಯದ ಭಾಷೆ ಬೇರೆ ಎಂಬ ಭೇದವನ್ನು ಕೆನಡಾದ ಶಿಕ್ಷಣತಜ್ಞ ಜಿಮ್ ಕಮಿನ್ಸ್ 1979ರಲ್ಲೇ ಗುರುತಿಸಿದ್ದರು. ಇಂಗ್ಲಿಷ್ ಆಡುವ ಪರಿಸರದಲ್ಲೇ ಬೆಳೆಯುವ ವಲಸಿಗರ ಮಕ್ಕಳಿಗೂ ಮೊದಲನೆಯದು ಒಂದೆರಡು ವರ್ಷಗಳಲ್ಲಿ ಒಲಿದರೆ, ಎರಡನೆಯದಕ್ಕೆ ಐದರಿಂದ ಏಳು ವರ್ಷಗಳು ಬೇಕು ಎಂಬುದು ಅವರ ನಿಲುವು. ನಾವಾದರೋ ನಮ್ಮ ಮಕ್ಕಳಿಗೆ ಒಂದು ಬೇಸಿಗೆ ರಜೆಯ ಅವಧಿ ಕೊಡುತ್ತೇವೆ.

ತೊಡಕು ಇರುವುದು ಪಾರಿಭಾಷಿಕ ಪದಗಳಲ್ಲಿ ಎಂಬುದು ಸಾಮಾನ್ಯ ಗ್ರಹಿಕೆ. ದ್ಯುತಿಸಂಶ್ಲೇಷಣೆ ಫೋಟೋಸಿಂಥೆಸಿಸ್ ಆಗುವುದು, ವೇಗೋತ್ಕರ್ಷ ಆಕ್ಸಲರೇಷನ್ ಆಗುವುದು ನಿಜವಾದ ಕಷ್ಟವಲ್ಲ. ಅವನ್ನು ಪಟ್ಟಿಮಾಡಿ ವಾರದಲ್ಲಿ ಕಲಿಯಬಹುದು. ಕಷ್ಟವಿರುವುದು ಸಣ್ಣ ಮಾತುಗಳಲ್ಲಿ. 'ಅನ್‌ಲೆಸ್', 'ವೇರ್‌ಆ್ಯಸ್', 'ರೆಸ್ಪೆಕ್ಟಿವ್ಲಿ' ಮುಂತಾದವು ಪ್ರಶ್ನೆಯ ಅರ್ಥವನ್ನೇ ತಿರುಗಿಸುತ್ತವೆ. ಟೇಬಲ್ ಎಂದರೆ ಮೇಜು ಎಂದು ಕಲಿತವನಿಗೆ ಅದು ಕೋಷ್ಟಕವೂ ಹೌದೆಂದು ಯಾರೂ ಹೇಳಿರುವುದಿಲ್ಲ. ಇನ್ನು ವಾಕ್ಯದ ಕ್ರಮ. 'ಲೋಟದಲ್ಲಿರುವ ನೀರಿನ ಉಷ್ಣತೆಯ ಏರಿಕೆ' ಎಂದು ನಾವು ಹೇಳುವುದನ್ನು ಇಂಗ್ಲಿಷ್ ಪೂರ್ತಿ ತಲೆಕೆಳಗು ಮಾಡುತ್ತದೆ: ಏರಿಕೆ ಮೊದಲು, ಅನಂತರ ಉಷ್ಣತೆ, ನೀರು, ಕೊನೆಯಲ್ಲಿ ಲೋಟ. ಇದನ್ನು ಎರಡೂ ಭಾಷೆಗಳಲ್ಲಿ ಕರಿಹಲಗೆಯ ಮೇಲೆ ಒಂದರ ಪಕ್ಕ ಒಂದು ಬರೆದು ತೋರಿಸಿದಾಗ ಹಿಂದಿನ ಬೆಂಚಿನವರ ಮುಖ ಅರಳಿದ್ದನ್ನು ಕಂಡಿದ್ದೇನೆ. ಆದರೆ ಇಂಗ್ಲಿಷ್ ಶಿಕ್ಷಕರು ಇದು ವಿಜ್ಞಾನದವರ ಕೆಲಸವೆಂದೂ, ವಿಜ್ಞಾನದವರು ಇಂಗ್ಲಿಷಿನವರ ಕೆಲಸವೆಂದೂ ತಿಳಿದಿದ್ದಾರೆ. ದ್ವಿತೀಯ ಭಾಷೆಯ ನೂರು ಅಂಕಗಳ ಪೈಕಿ ಎಂಬತ್ತು ಲಿಖಿತ ಪರೀಕ್ಷೆಗೇ ಮೀಸಲಾಗಿರುವುದರಿಂದ ಗೈಡುಗಳ ಪ್ರಶ್ನೋತ್ತರ ಬಾಯಿಪಾಠ ಮಾಡಿಸುವುದೇ ಜಾಣತನವೆನಿಸಿದರೆ ಶಿಕ್ಷಕರನ್ನು ದೂರಿ ಫಲವಿಲ್ಲ.

ವಿಪರ್ಯಾಸವೆಂದರೆ, ಬಾಯಿಪಾಠಕ್ಕೆ ಪರ್ಯಾಯವೊಂದನ್ನು ಜಗತ್ತು ಕಲಿತದ್ದು ನಮ್ಮ ರಾಜಧಾನಿಯ ಹೆಸರಿನಲ್ಲಿ. 1979ರಿಂದ 1984ರವರೆಗೆ ಎನ್.ಎಸ್. ಪ್ರಭು ಅವರು ಬೆಂಗಳೂರಿನ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯ ಸಹಯೋಗದಲ್ಲಿ ದಕ್ಷಿಣ ಭಾರತದ ಕೆಲವು ಸಾಮಾನ್ಯ ಶಾಲೆಗಳಲ್ಲಿ ನಡೆಸಿದ ಪ್ರಯೋಗ ಭಾಷಾಬೋಧನೆಯ ಗ್ರಂಥಗಳಲ್ಲಿ 'ಬ್ಯಾಂಗಲೋರ್ ಪ್ರಾಜೆಕ್ಟ್' ಎಂದೇ ಖ್ಯಾತ. ವ್ಯಾಕರಣ ಸೂತ್ರಗಳ ಬದಲು ಮಕ್ಕಳ ಮುಂದೆ ರೈಲ್ವೆ ವೇಳಾಪಟ್ಟಿ, ನಕ್ಷೆಗಳನ್ನಿಟ್ಟು ಸಮಸ್ಯೆ ಬಿಡಿಸಲು ಹೇಳಲಾಯಿತು. ಮನಸ್ಸು ಅರ್ಥದಲ್ಲಿ ತೊಡಗಿದಾಗ ಭಾಷೆ ತಾನಾಗಿ ನೆಲೆಗೊಳ್ಳುತ್ತದೆ ಎಂಬುದು ಪ್ರಭು ಅವರ ನಂಬಿಕೆ. ಅದರ ಫಲಿತಾಂಶಗಳ ಬಗ್ಗೆ ವಿದ್ವಾಂಸರಲ್ಲಿ ಭಿನ್ನಮತವಿದೆ, ಇರಲಿ. ಹೈಸ್ಕೂಲಿನ ವಿಜ್ಞಾನ ಪ್ರಯೋಗಾಲಯಕ್ಕಿಂತ ಒಳ್ಳೆಯ ಸಮಸ್ಯೆಗಳ ಭಂಡಾರ ಇಂಗ್ಲಿಷ್ ಪೀರಿಯಡ್ಡಿಗೆ ಎಲ್ಲಿ ಸಿಕ್ಕೀತು?

ಕನ್ನಡವನ್ನು ತರಗತಿಯಿಂದ ಹೊರಗಟ್ಟಿದರೆ ಇಂಗ್ಲಿಷ್ ಬಂದೀತೆಂಬ ಭ್ರಮೆಯನ್ನೂ ಬಿಡಬೇಕು. ಬಲ್ಲ ವಿಷಯವನ್ನು ಹೊಸ ಭಾಷೆಯಲ್ಲಿ ಓದುವುದು ಸುಲಭ. ಅರಿಯದ್ದನ್ನು ಅರಿಯದ ಭಾಷೆಯಲ್ಲಿ ಓದುವುದು ಶಿಕ್ಷೆ. ನೆರೆಯ ಆಂಧ್ರಪ್ರದೇಶ 2020ರ ನಂತರ ಒಂದು ಪುಟದಲ್ಲಿ ತೆಲುಗು, ಎದುರು ಪುಟದಲ್ಲಿ ಇಂಗ್ಲಿಷ್ ಇರುವ ಪಠ್ಯಪುಸ್ತಕಗಳನ್ನು ತಂದಿತು. ಅಲ್ಲಿನ ಉದ್ದೇಶ ಇಂಗ್ಲಿಷ್ ಮಾಧ್ಯಮವನ್ನು ವಿಸ್ತರಿಸುವುದಾಗಿತ್ತು, ಅದರ ಬಗ್ಗೆ ನನಗೆ ತಕರಾರಿದೆ. ಆದರೆ ಕನ್ನಡ ಮಾಧ್ಯಮವನ್ನು ಉಳಿಸಿಕೊಂಡೇ ಎಂಟರಿಂದ ಹತ್ತರವರೆಗಿನ ವಿಜ್ಞಾನ, ಗಣಿತಗಳಿಗೆ ಇಂಥ ಪುಸ್ತಕ ರೂಪಿಸಲು ಅಡ್ಡಿಯೇನೂ ಇಲ್ಲ. ವಾರಕ್ಕೆರಡು ಪೀರಿಯಡ್ಡನ್ನು ವಿಜ್ಞಾನ ಮತ್ತು ಇಂಗ್ಲಿಷ್ ಶಿಕ್ಷಕರಿಬ್ಬರೂ ಸೇರಿ ತೆಗೆದುಕೊಳ್ಳುವುದಕ್ಕೆ ಹೊಸ ಹುದ್ದೆಯೂ ಬೇಡ, ವೇಳಾಪಟ್ಟಿಯ ತಿದ್ದುಪಡಿ ಸಾಕು. ಶಾಲೆಗಳು ಜೂನ್ ತಿಂಗಳಲ್ಲಿ ನಡೆಸುವ ಸೇತುಬಂಧವನ್ನು ಪ್ರಥಮ ಪಿಯುಸಿಗೂ ವಿಸ್ತರಿಸಿ, ಮೊದಲ ಆರು ವಾರ ಹತ್ತನೆಯ ತರಗತಿಯ ವಿಜ್ಞಾನವನ್ನೇ ಇಂಗ್ಲಿಷಿನಲ್ಲಿ ಓದಿಸಲಿ. ಪಠ್ಯ ಮುಗಿಯುವುದಿಲ್ಲವೆಂದು ಉಪನ್ಯಾಸಕ ಮಿತ್ರರು ಆಕ್ಷೇಪಿಸುವರೆಂದು ಬಲ್ಲೆ. ಪಠ್ಯ ಈಗಲೂ ಮುಗಿಯುತ್ತಿದೆ. ಹಿಂದಿನ ಮೂರು ಬೆಂಚುಗಳನ್ನು ಬಿಟ್ಟು ಮುಗಿಯುತ್ತಿದೆ.