ವೆಂಟಿಲೇಟರ್ ಬಿಡಿಸುವುದನ್ನು ತಡೆಯುವವರಿಗೆ

ರಾಜೀವನಗರದ ಯಾರ ಮನೆಯ ಹಿರಿಯರು ಐಸಿಯು ಸೇರಿದರೂ, ಅದು ಕೆ.ಆರ್. ಆಸ್ಪತ್ರೆಯಾಗಲಿ ಖಾಸಗಿ ಆಸ್ಪತ್ರೆಯಾಗಲಿ, ಹೊರಗೆ ಕಾಯುವ ಮನೆಯವರ ಜೊತೆ ಸಲಹೆ ಕೊಡುವವರೂ ಸೇರುತ್ತಾರೆ. ‘ನಾಳೆ ವೆಂಟಿಲೇಟರ್ ಬಿಡಿಸಿ ನೋಡೋಣ’ ಎಂದು ಡಾಕ್ಟರು ಹೇಳಿದ ಕೂಡಲೇ ‘ಬೇಡ, ಒಪ್ಪಬೇಡಿ’ ಎನ್ನುವವರು ಇವರೇ. ಇವರ ಕಾಳಜಿಯ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಇವರ ವಾದಗಳಿಂದ ರೋಗಿಗೆ ಕೇಡಾಗುತ್ತಿದೆ.

‘ಇನ್ನೂ ನಾಲ್ಕು ದಿನ ಮಿಷಿನ್ನೇ ಉಸಿರಾಡಿಸಲಿ, ಎದೆಗೆ ವಿಶ್ರಾಂತಿ ಸಿಗಲಿ’ ಎಂಬುದು ಎಲ್ಲರೂ ಹೇಳುವ ಮಾತು. ನಾವು ಉಸಿರೆಳೆಯುವುದು ಮುಖ್ಯವಾಗಿ ಎದೆ ಮತ್ತು ಹೊಟ್ಟೆಯ ನಡುವಿನ ವಪೆಯ (ಡಯಾಫ್ರಮ್) ಬಲದಿಂದ. ಅದೂ ಒಂದು ಸ್ನಾಯು. ಪ್ಲಾಸ್ಟರ್ ಹಾಕಿದ ಕಾಲು ಬಡಕಲಾಗುವಂತೆ, ಕೆಲಸವಿಲ್ಲದ ವಪೆಯೂ ಸೊರಗುತ್ತದೆ, ಅದೂ ಬಲುಬೇಗ. ಮಿದುಳು ನಿಷ್ಕ್ರಿಯವಾಗಿ, 18ರಿಂದ 69 ಗಂಟೆ ವೆಂಟಿಲೇಟರ್ ಮೇಲಿದ್ದ ಅಂಗದಾನಿಗಳ ವಪೆಯನ್ನು ಪರೀಕ್ಷಿಸಿದ ಅಧ್ಯಯನವೊಂದು 2008ರಲ್ಲಿ ಪ್ರಕಟವಾಯಿತು. ಅವರ ಸ್ನಾಯುವಿನ ಎಳೆಗಳು ಅರ್ಧಕ್ಕಿಂತಲೂ ಹೆಚ್ಚು ಸಣಕಲಾಗಿದ್ದವು. ನೀವು ಕೇಳುತ್ತಿರುವ ನಾಲ್ಕು ದಿನ ಇದಕ್ಕಿಂತ ಹೆಚ್ಚು. ಗಂಟಲಲ್ಲಿ ಟ್ಯೂಬ್ ಇದ್ದಷ್ಟು ದಿನವೂ ನ್ಯುಮೋನಿಯಾದ ಅಪಾಯ ಬೇರೆ.

‘ಹಾಗಾದರೆ ಮೆಲ್ಲಮೆಲ್ಲಗೆ ಕಡಿಮೆ ಮಾಡಲಿ’ ಎನ್ನುತ್ತಾರೆ. ಕೇಳಲು ಹಿತವಾಗಿದೆ. ಆದರೆ 1995ರಲ್ಲಿ ಸ್ಪೇನಿನ ವೈದ್ಯರು ಇದನ್ನೇ ಪರೀಕ್ಷಿಸಿದರು. ಮಿಷಿನ್ ಕೊಡುವ ಉಸಿರುಗಳನ್ನು ಹಂತಹಂತವಾಗಿ ಇಳಿಸುವುದಕ್ಕಿಂತ, ದಿನಕ್ಕೊಮ್ಮೆ ರೋಗಿಯನ್ನು ತಾನಾಗಿಯೇ ಉಸಿರಾಡಲು ಬಿಟ್ಟು ನೋಡಿದಾಗ ಸುಮಾರು ಮೂರು ಪಟ್ಟು ಬೇಗ ಟ್ಯೂಬ್ ತೆಗೆಯಲು ಸಾಧ್ಯವಾಯಿತು. ಈ ಪರೀಕ್ಷೆ ಕಣ್ಣುಮುಚ್ಚಿ ಮಾಡುವ ಸಾಹಸವಲ್ಲ. ರೋಗ ಹತೋಟಿಗೆ ಬಂದಿರಬೇಕು, ಬಿಪಿ ಸ್ಥಿರವಾಗಿರಬೇಕು, ಕಡಿಮೆ ಆಕ್ಸಿಜನ್ ಸಾಕಾಗುತ್ತಿರಬೇಕು. ಆಮೇಲೆ ಅರ್ಧ ಗಂಟೆಯಿಂದ ಎರಡು ಗಂಟೆ ನೋಡುತ್ತಾರೆ. ಉಸಿರು ನಿಮಿಷಕ್ಕೆ 35 ದಾಟಿತೋ, ಬೆವರು ಕಿತ್ತುಬಂತೋ, ಆಕ್ಸಿಜನ್ ಇಳಿಯಿತೋ, ಮತ್ತೆ ಮಿಷಿನ್ನಿಗೆ ಹಾಕುತ್ತಾರೆ. ಟ್ಯೂಬ್ ಇನ್ನೂ ಗಂಟಲಲ್ಲೇ ಇರುತ್ತದೆ. ನಾಳೆ ಇನ್ನೊಮ್ಮೆ.

ಮಂಪರಿನ ಔಷಧಿ ನಿಲ್ಲಿಸಿ ಎಚ್ಚರ ಮಾಡಿಸುವುದು ಹಿಂಸೆ ಅನ್ನುವವರ ಸಂಕಟ ನನಗೆ ಗೊತ್ತು. ಅಪ್ಪ ಕಣ್ಣು ಬಿಟ್ಟು ಟ್ಯೂಬ್ ಕಡೆ ಕೈ ಒಯ್ಯುವುದನ್ನು ಯಾವ ಮಗಳು ನೋಡಬಲ್ಲಳು? ಆದರೂ 2008ರಲ್ಲೇ ಅಮೆರಿಕದಿಂದ ಬಂದ, 336 ರೋಗಿಗಳ ಅಧ್ಯಯನದಲ್ಲಿ ದಿನವೂ ಎಚ್ಚರಗೊಳಿಸಿ ಉಸಿರಿನ ಪರೀಕ್ಷೆ ಮಾಡಿದವರ ಪೈಕಿ ವರ್ಷದ ನಂತರ ಬದುಕಿದ್ದವರು ಹೆಚ್ಚು. ತಾವಾಗಿಯೇ ಟ್ಯೂಬ್ ಕಿತ್ತುಕೊಂಡವರೂ ಆ ಗುಂಪಿನಲ್ಲೇ ಹೆಚ್ಚಿದ್ದರು, ಅದನ್ನು ಮುಚ್ಚಿಡಬಾರದು. ಆದರೆ ಮತ್ತೆ ಟ್ಯೂಬ್ ಹಾಕಿಸಿಕೊಳ್ಳಬೇಕಾದವರು ಹೆಚ್ಚಾಗಲಿಲ್ಲ.

‘ತೆಗೆದು ಮತ್ತೆ ಹಾಕಿದರು, ಅಂದರೆ ಡಾಕ್ಟರ್ ತಪ್ಪು.’ ಪರೀಕ್ಷೆಯಲ್ಲಿ ಗೆದ್ದವರಲ್ಲೂ ಹತ್ತರಲ್ಲಿ ಒಬ್ಬಿಬ್ಬರಿಗೆ ಹೀಗಾಗುತ್ತದೆ. ಅಂಥವರ ಸ್ಥಿತಿ ಹೆಚ್ಚು ಗಂಭೀರ, ನಿಜ. ವಯಸ್ಸಾದವರಿಗೆ, ಹೃದಯ ಅಥವಾ ಶ್ವಾಸಕೋಶದ ಹಳೆಯ ಕಾಯಿಲೆ ಇರುವವರಿಗೆ ಟ್ಯೂಬ್ ತೆಗೆದ ಕೂಡಲೇ ಮಾಸ್ಕಿನಿಂದ ಆಸರೆ ಕೊಡುವುದು ಅದಕ್ಕಾಗಿಯೇ.

ಎಲ್ಲಕ್ಕಿಂತ ಹೆಚ್ಚು ಹೆದರಿಸುವ ಮಾತು ‘ಬಿಡಿಸುವುದೆಂದರೆ ಕೈಬಿಟ್ಟಂತೆ’ ಎಂಬುದು. 2025ರ ಜನವರಿಯಲ್ಲಿ ಕರ್ನಾಟಕ ಸರ್ಕಾರ ಘನತೆಯ ಸಾವಿನ ಸುತ್ತೋಲೆ ಹೊರಡಿಸಿದ ಮೇಲೆ ಈ ಗೊಂದಲಕ್ಕೆ ಇನ್ನಷ್ಟು ಎಡೆಯಾಗಿದೆ. ಆ ಸುತ್ತೋಲೆ ಚೇತರಿಕೆಯ ಆಸೆಯೇ ಇಲ್ಲದ ರೋಗಿಗಳಿಗೆ ಸಂಬಂಧಿಸಿದ್ದು. ಸುಪ್ರೀಂ ಕೋರ್ಟ್ ಹೇಳಿದಂತೆ ಅಂಥವರ ಜೀವಾಧಾರ ಚಿಕಿತ್ಸೆ ನಿಲ್ಲಿಸಲು ಎರಡು ವೈದ್ಯಕೀಯ ಮಂಡಳಿಗಳ ತೀರ್ಮಾನ ಬೇಕು, ಹತ್ತಿರದವರ ಒಪ್ಪಿಗೆ ಬೇಕು, ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. ಬೆಳಗಿನ ರೌಂಡ್ಸಿನಲ್ಲಿ ನಡೆಯುವ ಉಸಿರಿನ ಪರೀಕ್ಷೆ ಗುಣವಾಗುತ್ತಿರುವವರಿಗೆ ಕೊಡುವ ಚಿಕಿತ್ಸೆ.

ಇನ್ನು ‘ಬಿಲ್ ಏರಿಸಲು ಮಿಷಿನ್ ಮೇಲೆ ಇಟ್ಟಿದ್ದಾರೆ’ ಎಂಬ ಅನುಮಾನ. ಬಿಡಿಸಬೇಡಿ ಎಂದವರ ಬಾಯಲ್ಲೇ ಇದೂ ಬರುತ್ತದೆ! ಅನುಮಾನವಿದ್ದರೆ ಜಗಳಕ್ಕಿಂತ ಪ್ರಶ್ನೆ ಮೇಲು. ಇಂದು ಉಸಿರಿನ ಪರೀಕ್ಷೆ ಮಾಡಿದಿರಾ? ಮಾಡದಿದ್ದರೆ ಯಾಕೆ? ಮಂಪರಿನ ಔಷಧಿ ಎಷ್ಟು ಇಳಿಸಿದಿರಿ? ಕೆಮ್ಮಿ ಕಫ ತೆಗೆಯುವ ಶಕ್ತಿ ಬಂದಿದೆಯೇ? ಈ ನಾಲ್ಕನ್ನು ಪ್ರತಿ ಬೆಳಿಗ್ಗೆ ಕೇಳುವ ಹಕ್ಕು ನಿಮಗಿದೆ, ಕೇಳಿ.