ಮಾತಿನ ಪರೀಕ್ಷೆಯಲ್ಲಿ ಸರ್ಜನ್ ಸಿಗುವುದಿಲ್ಲ

ಎಂಬಿಬಿಎಸ್ ಮುಗಿಸಿದವರು ಸರ್ಜರಿಯ ಎಂಎಸ್ ಸೀಟು ಪಡೆಯಬೇಕಾದರೆ ನೀಟ್-ಪಿಜಿ ಬರೆಯಬೇಕು. 200 ಬಹುಆಯ್ಕೆ ಪ್ರಶ್ನೆ, 800 ಅಂಕ, ಆಮೇಲೆ ರ‍್ಯಾಂಕ್ ಪ್ರಕಾರ ಕೌನ್ಸೆಲಿಂಗ್. ಏಮ್ಸ್, ಜಿಪ್ಮರ್‌ನಂಥ ಸಂಸ್ಥೆಗಳಿಗೆ ನಡೆಯುವ ಪ್ರತ್ಯೇಕ ಪರೀಕ್ಷೆಯೂ ಇದೇ ಬಗೆಯದು. ಹೊಟ್ಟೆ ಕೊಯ್ಯಲು ಕಲಿಯಲಿರುವ ವೈದ್ಯರ ಕೈ ಹೇಗಿದೆ, ರೋಗಿಯ ಮನೆಯವರಿಗೆ ಕೆಟ್ಟ ಸುದ್ದಿಯನ್ನು ಅವರು ಹೇಗೆ ಹೇಳುತ್ತಾರೆ ಎಂಬುದನ್ನು ಈ ದಾರಿಯಲ್ಲಿ ಯಾರೂ ನೋಡುವುದಿಲ್ಲ. ಅಮೆರಿಕ, ಬ್ರಿಟನ್‌ಗಳಲ್ಲಿ ಸಂದರ್ಶನವಿಲ್ಲದೆ ಸರ್ಜರಿ ತರಬೇತಿಗೆ ಪ್ರವೇಶವಿಲ್ಲ. ನಮ್ಮಲ್ಲೂ ಹಾಗೇ ಆಗಲಿ ಎನ್ನುವವರ ಕೊರಗು ನಿಜವಾದದ್ದೇ. ಆದರೆ ಅವರು ಸೂಚಿಸುವ ಮದ್ದು ಆ ಕಾಯಿಲೆಗೆ ತಾಗುವುದಿಲ್ಲ.

ಅಭ್ಯರ್ಥಿಯನ್ನು ಎದುರಿಗೆ ಕೂರಿಸಿಕೊಂಡು ಮಾತಾಡಿದರೆ ಅವರ ಯೋಗ್ಯತೆ ತಿಳಿಯುತ್ತದೆ ಎಂಬ ನಂಬಿಕೆ ಹಳೆಯದು. ಅದನ್ನು ಒರೆಗೆ ಹಚ್ಚುವ ಅವಕಾಶ 1979ರಲ್ಲಿ ಹ್ಯೂಸ್ಟನ್‌ನ ಟೆಕ್ಸಾಸ್ ವಿಶ್ವವಿದ್ಯಾಲಯದ ವೈದ್ಯಕೀಯ ಶಾಲೆಗೆ ತಾನಾಗಿಯೇ ಒದಗಿತು. ಸುಮಾರು 800 ಮಂದಿಯನ್ನು ಸಂದರ್ಶಿಸಿ, ಕ್ರಮಾಂಕ ಕೊಟ್ಟು, 150 ಮಂದಿಯನ್ನು ಆರಿಸಿಯಾಗಿತ್ತು. ಅಷ್ಟರಲ್ಲಿ ಇನ್ನೂ 50 ಸೀಟು ತುಂಬುವಂತೆ ರಾಜ್ಯದ ಶಾಸನಸಭೆ ಹೇಳಿತು. ಮೇಲಿನ ಕ್ರಮಾಂಕದವರು ಆಗಲೇ ಬೇರೆ ಕಾಲೇಜು ಸೇರಿದ್ದರಿಂದ, ಪಟ್ಟಿಯ ತಳದಲ್ಲಿದ್ದವರನ್ನೇ ಕರೆಯಬೇಕಾಯಿತು. ಎರಡು ಗುಂಪುಗಳ ಮುಂದಿನ ಹಾದಿಯನ್ನು ಹೋಲಿಸಿದ ಅಧ್ಯಯನ 1987ರಲ್ಲಿ ಪ್ರಕಟವಾಯಿತು. ಓದಿನಲ್ಲಾಗಲಿ, ವಾರ್ಡಿನ ಕೆಲಸದಲ್ಲಾಗಲಿ, ಪದವಿಯ ನಂತರದ ಮೊದಲ ವರ್ಷದಲ್ಲಾಗಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಅಂದರೆ ಸಂದರ್ಶಕರು ಮೇಲಿಟ್ಟವರೂ ಕೆಳಗಿಟ್ಟವರೂ ಹೆಚ್ಚುಕಡಿಮೆ ಒಂದೇ ಬಗೆಯ ವೈದ್ಯರಾದರು. ಅದು ಎಂಬಿಬಿಎಸ್ ಹಂತಕ್ಕೆ ಸಮನಾದ ಪ್ರವೇಶ, ಸರ್ಜರಿಯದಲ್ಲ ಎಂದು ಯಾರಾದರೂ ಹೇಳಬಹುದು. ಆದರೆ ಮಾತುಗಾರಿಕೆ, ಮುಖಭಾವ, ಆತ್ಮವಿಶ್ವಾಸಗಳಿಗೆ ಮರುಳಾಗುವ ದೌರ್ಬಲ್ಯ ಸಂದರ್ಶಕರದು. ಯಾವ ಕೋರ್ಸಿಗೆ ಆಯ್ಕೆ ಎಂಬುದರಿಂದ ಅದು ಬದಲಾಗದು.

ನಮ್ಮ ಅನುಭವ ಇದಕ್ಕಿಂತ ಕಹಿ. ಮೈಸೂರು ರಾಜ್ಯದಲ್ಲಿ ವೈದ್ಯಕೀಯ, ಎಂಜಿನಿಯರಿಂಗ್ ಸೀಟುಗಳಿಗೆ ಸಂದರ್ಶನದ ಅಂಕವನ್ನೂ ಸೇರಿಸುತ್ತಿದ್ದ ಕಾಲವಿತ್ತು. ಅದರ ವಿರುದ್ಧ ಚಿತ್ರಲೇಖಾ ಎಂಬವರು ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1964ರಲ್ಲಿ ಆ ಪದ್ಧತಿಯನ್ನು ಎತ್ತಿಹಿಡಿಯಿತು. 1980ರಲ್ಲಿ ತೀರ್ಪು ಬಂದ ಅಜಯ್ ಹಾಸಿಯಾ ಪ್ರಕರಣದ ಹೊತ್ತಿಗೆ ನ್ಯಾಯಾಲಯದ ಧೋರಣೆ ಬಿಗಿಯಾಗಿತ್ತು. ಶ್ರೀನಗರದ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಒಟ್ಟು 150 ಅಂಕಗಳಲ್ಲಿ 50 ಸಂದರ್ಶನದ್ದು. ಒಬ್ಬೊಬ್ಬರಿಗೆ ಕೊಟ್ಟದ್ದು ಎರಡು ಮೂರು ನಿಮಿಷ. ಕೇಳಿದ್ದು ತಂದೆ ಯಾರು, ಊರು ಯಾವುದು ಎಂದು. ಈ ನೆಲದಲ್ಲಿ ಆ ಎರಡು ಪ್ರಶ್ನೆಗಳಿಂದ ಏನೇನು ತಿಳಿಯುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಸಂದರ್ಶನಕ್ಕೆ ಶೇ 15ಕ್ಕಿಂತ ಹೆಚ್ಚು ಅಂಕ ಇಡುವುದು ಸ್ವೇಚ್ಛಾಚಾರ ಎಂದ ನ್ಯಾಯಾಲಯ, ಅದನ್ನು ಧ್ವನಿಮುದ್ರಿಸಿದರೆ ಒಳ್ಳೆಯದು ಎಂದೂ ಹೇಳಿತು.

ಹಾಗಾದರೆ ರ‍್ಯಾಂಕೇ ಸಾಕೇ? ಸಾಲದು. ರ‍್ಯಾಂಕಿಗೆ ವಶೀಲಿ ನಾಟುವುದಿಲ್ಲ, ಅದು ಅದರ ದೊಡ್ಡ ಗುಣ. ಆದರೆ ಅದು ನೆನಪನ್ನೂ ತರ್ಕವನ್ನೂ ಅಳೆಯುತ್ತದೆಯೇ ಹೊರತು ಸರ್ಜನ್‌ಗೆ ಬೇಕಾದ ಉಳಿದದ್ದನ್ನಲ್ಲ. 2023ರಲ್ಲಿ ಖಾಲಿ ಸೀಟು ತುಂಬಲು ನೀಟ್-ಪಿಜಿಯ ಅರ್ಹತೆಯನ್ನು ಶೂನ್ಯ ಪರ್ಸೆಂಟೈಲ್‌ಗೆ ಇಳಿಸಿದಾಗ, ಕನಿಷ್ಠ ಯೋಗ್ಯತೆ ಎಂಬುದಕ್ಕೂ ಅರ್ಥ ಉಳಿಯಲಿಲ್ಲ. ರ‍್ಯಾಂಕು ಬಿಟ್ಟದ್ದನ್ನು ತುಂಬಿಕೊಳ್ಳುವ ಒಂದು ದಾರಿಯನ್ನು ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯ ತೋರಿಸಿದೆ. ಅಲ್ಲಿ ರೂಪುಗೊಂಡು 2004ರಲ್ಲಿ ಪ್ರಕಟವಾದ ಕ್ರಮದಲ್ಲಿ ಒಂದು ದೀರ್ಘ ಮಾತುಕತೆಯ ಬದಲು ಹತ್ತರಷ್ಟು ಪುಟ್ಟ ಸ್ಟೇಷನ್‌ಗಳಿರುತ್ತವೆ. ಪ್ರತಿಯೊಂದರಲ್ಲೂ ಬೇರೆ ಪರೀಕ್ಷಕ, ಎಲ್ಲ ಅಭ್ಯರ್ಥಿಗಳಿಗೂ ಅದೇ ಸನ್ನಿವೇಶ, ಅದೇ ಅಳತೆ. ಒಬ್ಬರ ಒಲವು ಇನ್ನೊಬ್ಬರ ಸಿಟ್ಟಿನಲ್ಲಿ ಕರಗಿಹೋಗುತ್ತದೆ. ಸರ್ಜರಿಗಾದರೆ ಇದರಲ್ಲಿ ಒಂದೆರಡು ಸ್ಟೇಷನ್‌ಗಳನ್ನು ಕೈಗೇ ಮೀಸಲಿಡಬಹುದು: ಗಂಟು ಹಾಕಿಸಿ, ಹೊಲಿಗೆ ಹಾಕಿಸಿ ನೋಡಬಹುದು.

ಎರಡು ಲಕ್ಷಕ್ಕೂ ಹೆಚ್ಚು ಮಂದಿ ಬರೆಯುವ ಪರೀಕ್ಷೆಗೆ ಇದನ್ನು ಹೊಂದಿಸುವುದು ಹೇಗೆ ಎಂಬ ಆಕ್ಷೇಪ ಸಹಜ. ಎಲ್ಲರಿಗೂ ಇದು ಬೇಕಿಲ್ಲ. ರ‍್ಯಾಂಕಿನ ಆಧಾರದಲ್ಲಿ ಸರ್ಜರಿ ಸೀಟಿನ ಸಮೀಪ ಬಂದವರಿಗೆ ಮಾತ್ರ ಸಾಕು. ಕೋಚಿಂಗ್ ಅಂಗಡಿಗಳು ಇದಕ್ಕೂ ತಯಾರಿ ಕೊಡುತ್ತವೆ ಎಂಬುದು ಎರಡನೆಯ ಆಕ್ಷೇಪ. ಹೊಲಿಗೆ ಹಾಕಲು ಕಲಿಸುವ ಕೋಚಿಂಗ್ ಬಂದರೆ, ಇಂಟರ್ನ್‌ಶಿಪ್ ವರ್ಷವನ್ನು ವಾರ್ಡಿನ ಬದಲು ಪ್ರಶ್ನೆಕೋಶದಲ್ಲಿ ಕಳೆಯುವ ಈಗಿನ ಸ್ಥಿತಿಗಿಂತ ಅದು ವಾಸಿ. ಜಾತಿ, ಶಿಫಾರಸುಗಳು ಒಳನುಸುಳುತ್ತವೆ ಎಂಬ ಮೂರನೆಯ ಭಯವನ್ನು ಮಾತ್ರ ಹಗುರವಾಗಿ ತಳ್ಳಿಹಾಕುವಂತಿಲ್ಲ. ಪರೀಕ್ಷಕರು ಬೇರೆ ರಾಜ್ಯದವರಾಗಿರಬೇಕು, ಅಭ್ಯರ್ಥಿಯ ಹೆಸರೂ ಊರೂ ಕಾಲೇಜೂ ಅವರಿಗೆ ಗೊತ್ತಾಗಬಾರದು, ಎಲ್ಲವೂ ವಿಡಿಯೊದಲ್ಲಿ ದಾಖಲಾಗಬೇಕು, ತೂಕ ಶೇ 15 ದಾಟಬಾರದು. ಈ ನಾಲ್ಕರಲ್ಲಿ ಒಂದನ್ನು ಪಾಲಿಸಲು ಆಗದಿದ್ದರೂ ಸದ್ಯಕ್ಕೆ ರ‍್ಯಾಂಕೇ ಇರಲಿ: ಮೊಂಡಾದರೂ ಎಲ್ಲರಿಗೂ ಒಂದೇ ಆಗಿರುವ ಅಳತೆ, ಹರಿತವಾಗಿದ್ದು ಕೆಲವರಿಗಷ್ಟೇ ಬಾಗುವ ಅಳತೆಗಿಂತ ಮೇಲು.